ಮುರಿದ ದಾಂಪತ್ಯ: ಮನೆ ತೊರೆಯುವ ಹೊತ್ತಿನ ಅಪಾಯ

ಗಂಡನ ಮನೆ ಬಿಟ್ಟು ಬಂದರೆ ಹಿಂಸೆಯೂ ಅಲ್ಲಿಗೇ ಮುಗಿಯಿತೆಂಬುದು ಸಾಮಾನ್ಯ ನಂಬಿಕೆ. ವಾಸ್ತವ ಹಾಗಿಲ್ಲ. ಮಹಿಳೆ ಬೇರ್ಪಡಲು ನಿರ್ಧರಿಸಿದ ದಿನಗಳು ಹಾಗೂ ನಂತರದ ಕೆಲವು ತಿಂಗಳುಗಳೇ ಹೆಚ್ಚು ಅಪಾಯಕಾರಿ. ಹಿಡಿತ ಕೈತಪ್ಪುತ್ತಿದೆ ಎಂಬ ರೋಷ ಆಗ ಮಿತಿ ಮೀರುತ್ತದೆ.

2019-20ರಲ್ಲಿ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 44.4 ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾರೆ. 2015-16ರಲ್ಲಿ ಈ ಪ್ರಮಾಣ ಶೇ. 20.6 ಆಗಿತ್ತು.

ಕಾಫಿ ಸೀಮೆಯ ಸ್ಥಿತಿ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಸಾಗುವ ಹಾದಿಯ ಅತ್ತಿಗುಂಡಿಯಂತಹ ಊರುಗಳಲ್ಲಿ ಈ ಅಪಾಯಕ್ಕೆ ಬೇರೆಯದೇ ಮುಖವಿದೆ. ತೋಟದ ಲೈನ್ ಮನೆ ದೊರೆಯುವುದು ಕೆಲಸದ ಜತೆಗೆ. ಗಂಡನನ್ನು ತೊರೆದರೆ ಸೂರು, ಕೂಲಿ ಎರಡೂ ತಪ್ಪುವ ಭಯ. ತೋಟದ ನಡುವಿನ ಒಂಟಿಮನೆಯ ಗೃಹಿಣಿಗೆ ಕೂಗಿದರೂ ಕೇಳುವವರಿಲ್ಲ. ನ್ಯಾಯಾಲಯ, ಜಿಲ್ಲಾಸ್ಪತ್ರೆಗೆ ಬೆಟ್ಟ ಇಳಿದು ಚಿಕ್ಕಮಗಳೂರಿಗೇ ಬರಬೇಕು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕು ಮಲೆನಾಡಿನ ಹಲವು ಮನೆಗಳಲ್ಲಿದೆ. ಹಿಂಸಿಸುವ ಪತಿಯ ಕೈಗೆ ಬಂದೂಕು ಸಿಗುವಂತಿದ್ದರೆ ಕೊಲೆಯ ಸಂಭವ ಸುಮಾರು ಐದು ಪಟ್ಟು ಹೆಚ್ಚೆಂದು ಅಮೆರಿಕದ 11 ನಗರಗಳ ಅಧ್ಯಯನ 2003ರಲ್ಲಿ ತಿಳಿಸಿತ್ತು.

ಎಚ್ಚರಿಕೆಯ ಲಕ್ಷಣಗಳು

ಕತ್ತು ಹಿಸುಕುವುದು, ಕೊಲ್ಲುವ ಇಲ್ಲವೇ ಸಾಯುವ ಬೆದರಿಕೆ, ಹಿಂಬಾಲಿಸುವುದು, ಅತಿಯಾದ ಸಂಶಯ ಇವನ್ನು ಲಘುವಾಗಿ ಎಣಿಸಬಾರದು. 'ಕೊನೆಯ ಮಾತುಕತೆ'ಗೆ ಕರೆದರೆ ಒಂಟಿಯಾಗಿ ಹೋಗಬಾರದು. ಹಿರಿಯರು ರಾಜಿ ಪಂಚಾಯಿತಿ ನಡೆಸಿ ಮರಳಿ ಕಳುಹಿಸುವ ಮುನ್ನ ಆಕೆಯ ಜೀವಭಯವನ್ನು ಕೇಳಿ ತಿಳಿಯಬೇಕು.

ಕಾನೂನಿನ ರಕ್ಷಣೆ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ-2005, ಅಕ್ಟೋಬರ್ 26, 2006ರಂದು ಜಾರಿಗೆ ಬಂತು. ಹಿಂದೆ ಒಟ್ಟಿಗೆ ಬಾಳಿ ಈಗ ಬೇರ್ಪಟ್ಟವರಿಗೂ ಇದು ಅನ್ವಯ. ಆಕೆ ತಾತ್ಕಾಲಿಕವಾಗಿ ನೆಲೆಸಿರುವ ಊರಿನ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಬಳಿಯೂ ಅರ್ಜಿ ಸಲ್ಲಿಸಬಹುದು. ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಮಕ್ಕಳ ಸುಪರ್ದಿಗೆ ಆದೇಶ ಪಡೆಯಬಹುದು; ತುರ್ತಿದ್ದರೆ ಎದುರಾಳಿಯ ಗೈರುಹಾಜರಿಯಲ್ಲೂ ಮಧ್ಯಂತರ ಆದೇಶ ಸಾಧ್ಯ. ರಕ್ಷಣಾ ಆದೇಶ ಉಲ್ಲಂಘಿಸಿದರೆ ಒಂದು ವರ್ಷದವರೆಗೆ ಸೆರೆವಾಸ, 20 ಸಾವಿರ ರೂ.ವರೆಗೆ ದಂಡ ಅಥವಾ ಎರಡೂ ಉಂಟು. ಪತಿ ಮತ್ತು ಆತನ ಬಂಧುಗಳ ಕ್ರೌರ್ಯಕ್ಕೆ ಜುಲೈ 1, 2024ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಅನ್ವಯಿಸುತ್ತದೆ.

ನೆರವು ಎಲ್ಲಿ?

ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವಿಗೆ 112. ಆದಾಯ ಎಷ್ಟೇ ಇರಲಿ, ಮಹಿಳೆಗೆ ಕಾನೂನು ನೆರವು ಉಚಿತ (15100). ಮನೆ ಬಿಡುವ ವಿಚಾರವನ್ನು ಪತಿಗೆ ತಿಳಿಸುವ ಮೊದಲೇ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕಗಳನ್ನು ನಂಬಿಕಸ್ಥರಲ್ಲಿ ಇರಿಸುವುದು ಕ್ಷೇಮ.