ಗದಗ ಸೀಮೆಯ ಅಡಿಗೆಯ ಒಲೆ: ಕುಳ್ಳಿನಿಂದ ಅನಿಲದವರೆಗೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳನ್ನೊಳಗೊಂಡ ಸೀಮೆಯು ಅರಸುಮನೆತನಗಳ, ದೇವಾಲಯಗಳ ಹಾಗೂ ಶಾಸನಗಳ ದೃಷ್ಟಿಯಿಂದ ವಿದ್ವಾಂಸರ ಪರಾಮರ್ಶೆಗೆ ಸಾಕಷ್ಟು ಒಳಗಾಗಿದೆ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಪ್ರಾಚೀನ ನಾಡುಗಳ ಎಲ್ಲೆಗಳನ್ನು ಕುರಿತು ನಡೆದ ಚರ್ಚೆಯಾದರೂ ಅಲ್ಪವಲ್ಲ. ಆದರೆ ಈ ನಾಡಿನ ಜನರು ದಿನವೂ ಉಂಡ ರೊಟ್ಟಿಯು ಯಾವ ಬೆಂಕಿಯಲ್ಲಿ ಬೆಂದಿತು, ಆ ಬೆಂಕಿಗೆ ಉರುವಲು ಎಲ್ಲಿಂದ ಬಂದಿತು, ಅದರ ಹೊಗೆಯನ್ನು ಯಾರು ಕುಡಿದರು ಎಂಬ ಪ್ರಶ್ನೆಗಳನ್ನು ಇತಿಹಾಸಕಾರರು ಕೈಗೆತ್ತಿಕೊಂಡುದು ವಿರಳ. ಇಂದು ಅಡಿಗೆಯ ಅನಿಲದ ಒಲೆಯನ್ನು ಮಿತವ್ಯಯದಿಂದಲೂ ಅಪಾಯವಿಲ್ಲದೆಯೂ ಬಳಸುವ ಬಗೆಯನ್ನು ಕುರಿತು ಬೋಧನೆಗಳು ನಡೆಯುತ್ತವೆ. ಈ ಎರಡು ಚಿಂತೆಗಳೂ ಅನಿಲದೊಡನೆ ಹುಟ್ಟಿದವುಗಳಲ್ಲವೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

'ಒಲೆ'ಯು ದ್ರಾವಿಡ ಮೂಲದ ಶಬ್ದ. ತಮಿಳಿನ 'ಉಲೈ' ಇದರ ಸೋದರ ಶಬ್ದವಾಗಿದ್ದು, ಅಲ್ಲಿ ಕಮ್ಮಾರನ ಕುಲುಮೆಗೂ ಅದೇ ಹೆಸರು ಸಲ್ಲುತ್ತದೆ. ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಕ್ರಿ. ಶ. ೧೦೨೫ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ಪಾಕವಿಷಯಕ್ಕೆ ಸ್ಥಾನವಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಸ್ವತಂತ್ರ ಗ್ರಂಥವನ್ನೇ ಬರೆದನು. ಈ ಕವಿಗಳ ದೃಷ್ಟಿಯೆಲ್ಲ ಪಕ್ವವಾದ ಪದಾರ್ಥದ ಮೇಲಿರುವುದು ಸಹಜವೇ ಸರಿ. ಬಡ ಒಕ್ಕಲಿಗನ ಮನೆಯ ಉರುವಲಿನ ಸಮಸ್ಯೆಯನ್ನು ಅರಿಯಬೇಕಾದರೆ ಗ್ರಂಥಗಳನ್ನು ಬಿಟ್ಟು ನೆಲದತ್ತ ತಿರುಗಬೇಕಾಗುತ್ತದೆ.

ಈ ನೆಲವು ಬಹುಮಟ್ಟಿಗೆ ಎರೆಭೂಮಿ. ಮಳೆ ಕಡಿಮೆ, ಗಿಡಮರಗಳು ವಿರಳ. ಗದಗ, ಮುಂಡರಗಿ, ಶಿರಹಟ್ಟಿಗಳ ನಡುವೆ ಹಬ್ಬಿರುವ ಕಪ್ಪತಗುಡ್ಡವೊಂದೇ ಹೇಳಿಕೊಳ್ಳಬಹುದಾದ ಅಡವಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಯ ಬೆಳೆಗೆ ವ್ಯಾಪಾರದ ಮಹತ್ವ ಬಂದಿತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ ಜಿಲ್ಲೆಯ ಹತ್ತಿಗೆ ಅದುವರೆಗೆ ಕಾಣದ ಬೆಲೆ ದೊರೆಯಿತು. ಹತ್ತಿಯ ಹೊಲದಲ್ಲಿ ಮರಕ್ಕೆ ಎಡೆಯಿಲ್ಲ. ಆದರೆ ಅದೇ ಹತ್ತಿಯು ಅರಳೆ ಬಿಡಿಸಿದ ಮೇಲೆ ಒಣಗಿದ ಕಟಗಿಯನ್ನು ಒಲೆಗೆ ಕೊಟ್ಟಿತು. ಹತ್ತಿಕಟಗಿಯು ಬೇಗ ಹೊತ್ತಿ ಬೇಗ ಆರುವ ಉರುವಲು. ನಿಧಾನವಾಗಿ ಬೇಯಬೇಕಾದುದಕ್ಕೆ ಕುಳ್ಳೇ ಬೇಕು. ಹೀಗೆ ಉರಿಗೆ ಕಟಗಿ, ಕಾವಿಗೆ ಕುಳ್ಳು ಎಂಬ ಒಂದು ವಿಭಾಗವು ಈ ಸೀಮೆಯ ಅಡಿಗೆಮನೆಯಲ್ಲಿ ಏರ್ಪಟ್ಟಿತು. ಜೋಳದ ಸೊಪ್ಪೆಯು ದನಗಳ ಪಾಲು. ಕೂಳೆ ಮಾತ್ರ ಒಲೆಯ ಪಾಲು.

ಕುಳ್ಳು ತಟ್ಟುವುದರಿಂದ ಹೊಲವು ಗೊಬ್ಬರಕ್ಕೆ ಎರವಾಗುತ್ತದೆಂಬ ಆಕ್ಷೇಪಣೆ ಹಳೆಯದು. ೧೮೯೩ರಲ್ಲಿ ಪ್ರಕಟವಾದ ವೋಲ್ಕರನ ಕೃಷಿವರದಿಯು ಉರುವಲಿಗಾಗಿಯೇ ಮರಗಳ ಮೀಸಲುಗಳನ್ನು ಬೆಳೆಸಬೇಕೆಂದು ಸೂಚಿಸಿತು. ೧೯೨೮ರ ರಾಯಲ್ ಕೃಷಿ ಆಯೋಗವೂ ಇದೇ ಪ್ರಶ್ನೆಯನ್ನು ಚರ್ಚಿಸಿತು. ಒಕ್ಕಲಗಿತ್ತಿಯು ಸಗಣಿಯನ್ನು ಅಜ್ಞಾನದಿಂದ ಸುಡುತ್ತಾಳೆಂಬ ಧ್ವನಿ ಇಂಥ ಚರ್ಚೆಗಳಲ್ಲಿ ಆಗಾಗ ಕೇಳಿಬರುತ್ತಿತ್ತು. ಇದನ್ನು ನಾವು ಒಪ್ಪಲಾರೆವು. ಒಲೆಯ ಬೂದಿಯನ್ನು ತಿಪ್ಪೆಗೆ ಹಾಕುವ, ಕಾಳಿಗೆ ಹುಳ ಹತ್ತದಂತೆ ಬೆರೆಸುವ, ಪಾತ್ರೆ ತಿಕ್ಕಲು ತೆಗೆದಿಡುವ ಮನೆಯಲ್ಲಿ ಯಾವುದೂ ವ್ಯರ್ಥವಾಗುತ್ತಿರಲಿಲ್ಲ. ಬೇರೆ ಉರುವಲು ಇರಲಿಲ್ಲವೆಂಬುದೇ ನಿಜವಾದ ಕಾರಣ. ೧೮೭೬-೭೮ರ ಘೋರ ಬರದಂಥ ಕಾಲದಲ್ಲಿ ದನಗಳು ಸತ್ತಾಗ ಒಕ್ಕಲಿಗನು ಎತ್ತು, ಹಾಲುಗಳೊಡನೆ ಒಲೆಯ ಬೆಂಕಿಯನ್ನೂ ಕಳೆದುಕೊಳ್ಳುತ್ತಿದ್ದನೆಂಬುದನ್ನು ನೆನೆಯಬೇಕು.

ರಾಜಕೀಯವಾಗಿ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿಯೂ ಇದ್ದವು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಇಡೀ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಗಡಿ ಹೇಗೇ ಇರಲಿ, ಅಡಿಗೆಮನೆಯ ರೀತಿಯು ಒಂದೇ ಆಗಿದ್ದಿತು.

ಆ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಇಲ್ಲಿಯ ಮೇಲ್ಮುದ್ದೆಯ ಮನೆಗಳಲ್ಲಿ ಗೋಡೆಗಳು ದಪ್ಪ, ಕಿಟಕಿಗಳು ಕಡಿಮೆ. ಅಡಿಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬೆಳಕು ಇಳಿಯುವುದೂ ಹೊಗೆ ಏರುವುದೂ ಅದೊಂದೇ ದಾರಿಯಿಂದ. ಮಳೆಗಾಲದಲ್ಲಿ ಅದನ್ನು ಮುಚ್ಚಿದರೆ ಹೊಗೆಯೆಲ್ಲ ಒಳಗೇ ತುಂಬಬೇಕು. ಒಲೆಯನ್ನು ಮನೆಯ ಆಗ್ನೇಯ ಮೂಲೆಯಲ್ಲಿ ಹೂಡಬೇಕೆಂಬ ಶಾಸ್ತ್ರನಿಯಮಕ್ಕೆ ಈ ಸೀಮೆಯಲ್ಲಿ ಲೌಕಿಕವಾದ ಒಂದು ಸಮರ್ಥನೆಯೂ ಉಂಟೆಂದು ನಮಗೆ ತೋರುತ್ತದೆ. ಇಂದು ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುತ್ತಿರುವ ಆಷಾಢದ ಗಾಳಿಯು ಪಡುವಣದ ಕಡೆಯಿಂದ ಬೀಸುತ್ತದೆ. ಮೂಡಣ ಮಗ್ಗುಲಲ್ಲಿರುವ ಒಲೆಯ ಕಿಡಿಯೂ ಹೊಗೆಯೂ ಮನೆಯೊಳಗೆ ಮರಳುವುದು ಕಡಿಮೆ. ಕುಳ್ಳಿನ ಬಣವೆಯನ್ನು ಮನೆಗೆ ತಗಲಿಸದೆ ದೂರ ಒಟ್ಟುವುದು, ರಾತ್ರಿ ಕೆಂಡವನ್ನು ಬೂದಿಯಲ್ಲಿ ಹುದುಗಿಸುವುದು, ಎರಡನೆಯ ಪಾತ್ರೆಯು ಮೊದಲನೆಯದರ ಬೆಂಕಿಯಲ್ಲಿಯೇ ಬೇಯುವಂತೆ ಕೋಡೊಲೆ ಹಾಕುವುದು, ಇವೆಲ್ಲವೂ ಅಪಾಯವನ್ನು ತಪ್ಪಿಸುವ ಅಥವಾ ಉರುವಲನ್ನು ಉಳಿಸುವ ಉಪಾಯಗಳೇ. ಇವನ್ನು ಯಾವ ಇಲಾಖೆಯೂ ಕಲಿಸಲಿಲ್ಲ. ಅತ್ತೆಯಿಂದ ಸೊಸೆಗೆ ಬಂದ ವಿದ್ಯೆಯಿದು. ಆದರೂ ಇಂಥ ತೆರೆದ ಒಲೆಯಲ್ಲಿ ಉರುವಲಿನ ಶಾಖದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಪಾತ್ರೆಗೆ ತಲಪುತ್ತದೆ. ಉಳಿದುದು ಗೋಡೆಗೆ, ಗಾಳಿಗೆ, ಮತ್ತು ಊದುಗೊಳವಿ ಹಿಡಿದು ಕುಳಿತವಳ ಕಣ್ಣಿಗೆ.

ಪೇಟೆಯ ಮನೆಗಳಲ್ಲಿ ಇದ್ದಲಿಯ ಶೇಗಡಿಯೂ ಅನಂತರ ಚಿಮಣಿ ಎಣ್ಣೆಯ ಸ್ಟೋವೂ ಬಂದವು. ಒತ್ತಡದಿಂದ ಉರಿಯುವ ಸ್ಟೋವನ್ನು ಸ್ವೀಡನ್ನಿನ ಲಿಂಡ್‌ಕ್ವಿಸ್ಟನು ೧೮೯೨ರಲ್ಲಿ ನಿರ್ಮಿಸಿದನು. ಮರಾಠಿಯಲ್ಲಿ ಸೀಮೆಎಣ್ಣೆಗೆ 'ಘಾಸಲೇಟ' ಎಂಬ ಹೆಸರು. 'ಗ್ಯಾಸ್ ಲೈಟ್' ಎಂಬುದೇ ಹೀಗೆ ಮಾರ್ಪಟ್ಟಿತೆಂದು ಹೇಳುತ್ತಾರೆ. ಅನಿಲವು ಬರುವುದಕ್ಕೆ ಮೊದಲೇ ಅದರ ಹೆಸರು ಬಂದುದು ವಿನೋದಕರವಾಗಿದೆ. ಸ್ಟೋವಿನೊಡನೆ ಒಂದು ಹೊಸ ಬಗೆಯ ಅಪಾಯವೂ ಅಡಿಗೆಮನೆಯನ್ನು ಹೊಕ್ಕಿತು. ಒಲೆಯು ಸುಟ್ಟರೆ ಕೈ ಸುಡುತ್ತಿತ್ತು. ಪಂಪಿನ ಸ್ಟೋವು ಸಿಡಿದರೆ ಪ್ರಾಣವೇ ಹೋಗುತ್ತಿತ್ತು.

ಸ್ವಾತಂತ್ರ್ಯಾನಂತರ ಎರಡು ಪರ್ಯಾಯಗಳು ಗ್ರಾಮಗಳ ಮುಂದೆ ಬಂದವು. ಮೊದಲನೆಯದು ಗೋಬರ ಅನಿಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೧೯೬೦ರ ದಶಕದಿಂದ ಇದನ್ನು ಪ್ರಚಾರಪಡಿಸಿತು. ಸಗಣಿಯಿಂದ ಉರುವಲೂ ಗೊಬ್ಬರವೂ ಎರಡೂ ದೊರೆಯುವುದರಿಂದ ವೋಲ್ಕರನ ಆಕ್ಷೇಪಣೆಗೆ ಇದು ಸರಿಯಾದ ಉತ್ತರವೆನಿಸಬೇಕಾಗಿತ್ತು. ಶಿರಸಿಯ ಅಡಿಕೆ ತೋಟಿಗರಲ್ಲಿ ಇದು ಚೆನ್ನಾಗಿ ನೆಲೆಯೂರಿತು. ಆದರೆ ಸಗಣಿಯಷ್ಟೇ ನೀರನ್ನೂ ದಿನವೂ ಬೇಡುವ ಈ ಯಂತ್ರವು ಕುಡಿಯುವ ನೀರಿಗೂ ಕೊಡ ಹೊತ್ತು ನಡೆಯಬೇಕಾದ ಬಯಲುಸೀಮೆಯಲ್ಲಿ ಹೇಗೆ ತಾನೇ ಬೇರುಬಿಟ್ಟೀತು? ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣು ನೆಲದೊಳಗಿನ ಇಟ್ಟಿಗೆಯ ಕಟ್ಟಡಕ್ಕೆ ಹಿತವಲ್ಲವೆಂಬುದೂ ಗಮನಾರ್ಹ.

ಎರಡನೆಯದು ಸುಧಾರಿತ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ಸ್ಥಾಪಿಸಿದ 'ಅಸ್ತ್ರ' ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕ್ಷೇತ್ರಕಾರ್ಯವನ್ನು ನಡೆಸಿ, ಮೂರು ಪಾತ್ರೆಗಳನ್ನು ಒಮ್ಮೆಗೇ ಇಡಬಹುದಾದ, ಹೊಗೆಗೊಳವೆಯುಳ್ಳ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಪ್ರಯೋಗಗಳಲ್ಲಿ ಇದರ ದಕ್ಷತೆಯು ಶೇಕಡಾ ೪೦ರ ಸಮೀಪದ್ದೆಂದು ಕಂಡುಬಂದಿತು. ಹಳೆಯ ಒಲೆಗಿಂತ ನಾಲ್ಕು ಪಟ್ಟು. ೧೯೮೦ರ ದಶಕದಲ್ಲಿ ರಾಜ್ಯದಾದ್ಯಂತ ಇದು ಪ್ರಸಾರವಾಯಿತು. ಇದರ ಹಿರಿಮೆಯನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬಯಸುತ್ತೇವೆ. ಅದರ ಬಾಯಿ ಕಿರಿದು. ತುಂಡರಿಸಿದ ಸೌದೆಗೆ ತಕ್ಕುದು. ಉದ್ದನೆಯ ಹತ್ತಿಕಟಗಿಯನ್ನು ನೂಕುತ್ತ ಉರಿಸುವ, ಬೂದಿ ಹೇರಳವಾಗಿ ಬೀಳುವ ಕುಳ್ಳನ್ನು ಬಳಸುವ ಮನೆಗೆ ಅದು ಅಷ್ಟಾಗಿ ಒಗ್ಗದು. ಅದರ ಕುಣಿಗಳು ಗುಂಡನೆಯ ಪಾತ್ರೆಗಾಗಿ ಮಾಡಿದವು. ಇಲ್ಲಿ ಒಲೆಯ ಮೇಲೆ ಪ್ರಧಾನವಾಗಿ ಕೂಡುವುದು ಅಗಲವಾದ ರೊಟ್ಟಿಯ ಹಂಚು. ಮುದ್ದೆಯ ನಾಡಿನಲ್ಲಿ ಹುಟ್ಟಿದ ಒಲೆಯನ್ನು ರೊಟ್ಟಿಯ ನಾಡಿಗೆ ತರುವಾಗ ಈ ಭೇದವನ್ನು ಎಣಿಕೆಗೆ ತರಬೇಕಾಗಿತ್ತು.

ಇನ್ನು ಅನಿಲದ ವಿಷಯ. ದ್ರವೀಕೃತ ಪೆಟ್ರೋಲಿಯಂ ಅನಿಲವನ್ನು ಬರ್ಮಾ ಶೆಲ್ ಕಂಪನಿಯು ೧೯೫೫ರಲ್ಲಿ ಮುಂಬಯಿಯಲ್ಲಿ ಮಾರಲಾರಂಭಿಸಿತು. ೧೯೬೫ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ 'ಇಂಡೇನ್' ಕಲಕತ್ತೆಯಲ್ಲಿ ಆರಂಭವಾಯಿತು. ಜಿಲ್ಲೆಯ ಊರುಗಳಲ್ಲಿ ಅದು ಬಹುಕಾಲ ನೌಕರರ, ವ್ಯಾಪಾರಸ್ಥರ ಮನೆಯ ವಸ್ತುವಾಗಿತ್ತು. ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಾದ ಕಾಲವೂ ಇದ್ದಿತು. ೨೦೧೬ರ ಮೇ ೧ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ತಲಪಿತು.

ಇದರ ಲಾಭವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಮನೆಬಳಕೆಯ ಸಿಲಿಂಡರಿನಲ್ಲಿ ೧೪.೨ ಕಿಲೋಗ್ರಾಂ ಅನಿಲವಿರುತ್ತದೆ. ಕಿಲೋ ಒಂದಕ್ಕೆ ಸುಮಾರು ೪೫ ಮೆಗಾಜೂಲ್ ಶಾಖವೆಂದೂ ಒಲೆಯ ದಕ್ಷತೆ ಶೇಕಡಾ ೬೫ ಎಂದೂ ಹಿಡಿದರೆ ಪಾತ್ರೆಗೆ ದೊರೆಯುವುದು ಸುಮಾರು ೪೧೫ ಮೆಗಾಜೂಲ್. ಒಣ ಕಟ್ಟಿಗೆಯಲ್ಲಿ ಕಿಲೋಗೆ ಸುಮಾರು ೧೬ ಮೆಗಾಜೂಲ್. ಹಳೆಯ ಒಲೆಯಲ್ಲಿ ಅದರ ಹತ್ತನೆಯ ಒಂದು ಭಾಗವೇ ಪಾತ್ರೆಗೆ ಸಲ್ಲುವುದರಿಂದ, ಒಂದು ಸಿಲಿಂಡರು ಸುಮಾರು ೨೬೦ ಕಿಲೋ ಕಟ್ಟಿಗೆಗೆ ಸಮ. ತಲೆಹೊರೆಯ ತೂಕ ೨೦ ಕಿಲೋ ಎಂದರೂ ಹದಿಮೂರು ಸಲ ಗುಡ್ಡಕ್ಕೆ ಹೋಗಿಬರಬೇಕು. ೨೦೧೯ರಲ್ಲಿ ಕಪ್ಪತಗುಡ್ಡದ ಸುಮಾರು ೨೪೪ ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾದ ಮೇಲಂತೂ ಈ ಲೆಕ್ಕಕ್ಕೆ ಬೇರೊಂದು ಅರ್ಥವೂ ಬಂದಿದೆ. ಹೊಗೆಯ ಹಾನಿಯನ್ನು ಇದರೊಡನೆ ಕೂಡಿಸಬೇಕು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ೩೨ ಲಕ್ಷ ಜನರು ಅಕಾಲದಲ್ಲಿ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಆದರೆ ಕುಳ್ಳಿನ ಒಲೆಯಲ್ಲಿ ಪಳಗಿದ ಕೈಗೆ ಅನಿಲದ ಸ್ವಭಾವವು ಅಪರಿಚಿತ. ಹೊಗೆಯು ಮೇಲೇರುತ್ತದೆ, ಸೋರಿದ ಈ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದುದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅಂದಮೇಲೆ ಮಾಳಿಗೆಯ ಬೆಳಕಿಂಡಿಯು ಇದಕ್ಕೆ ಸಾಲದು. ನೆಲಮಟ್ಟದಲ್ಲಿ ಬಾಗಿಲು ತೆರೆದು ಗಾಳಿಯಾಡಬೇಕು. ಗಾಳಿಯಲ್ಲಿ ಇದರ ಪ್ರಮಾಣ ಶೇಕಡಾ ಎರಡರಷ್ಟಾದರೂ ಸಾಕು, ಒಂದು ಕಿಡಿಯಿಂದ ಹೊತ್ತಿಕೊಳ್ಳುತ್ತದೆ. ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲವೆಂದೇ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ದ್ರವ್ಯವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದಾಗ ವಿದ್ಯುತ್ತಿನ ಗುಂಡಿಯನ್ನು ಒತ್ತಲಾಗದು, ಆರಿಸಲೂ ಆಗದು. ರೆಗ್ಯುಲೇಟರನ್ನು ಮುಚ್ಚಿ, ದೇವರ ದೀಪವೂ ಸೇರಿದಂತೆ ಉರಿಯುವುದೆಲ್ಲವನ್ನೂ ನಂದಿಸಿ, ಬಾಗಿಲು ಕಿಟಕಿಗಳನ್ನು ತೆರೆಯಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಒಲೆಯನ್ನು ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿಡಬೇಕೆಂಬ ನಿಯಮವೂ ಮುಖ್ಯವಾದುದು. ನೆಲದ ಮೇಲೆ ಕುಳಿತು ಅಡಿಗೆ ಮಾಡುವ ಪದ್ಧತಿಯ ಮನೆಗಳಲ್ಲಿ ಒಲೆಯನ್ನು ನೆಲದಲ್ಲಿಯೇ ಇಡುವುದುಂಟು. ಸೋರಿದ ಅನಿಲವು ಹರಡುವುದೂ ಉರಿ ಇರುವುದೂ ಆಗ ಒಂದೇ ಮಟ್ಟದಲ್ಲಿ. ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದನ್ನಂತೂ ಮರೆಯುವವರೇ ಹೆಚ್ಚು.

ಮಿತವ್ಯಯದ ಸೂತ್ರಗಳಲ್ಲಿ ಹಳೆಯ ವಿದ್ಯೆಯು ಮತ್ತೆ ಉಪಯೋಗಕ್ಕೆ ಬರುತ್ತದೆ. ಉರಿ ನೀಲಿಯಾಗಿರಬೇಕು, ಹಳದಿಯಾದರೆ ಬರ್ನರಿನ ರಂಧ್ರಗಳು ಕಟ್ಟಿವೆ ಅಥವಾ ಗಾಳಿ ಸಾಲದೆಂದು ತಿಳಿಯಬೇಕು. ಪಾತ್ರೆಯ ತಳವನ್ನು ದಾಟಿ ಹೊರಬಂದ ಉರಿಯೆಲ್ಲ ನಷ್ಟ. ಬೇಳೆಯನ್ನು ಮೊದಲೇ ನೆನೆಹಾಕುವುದು, ಮುಚ್ಚಳ ಮುಚ್ಚುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು, ಇವು ಕುಳ್ಳಿನ ಕಾಲದ ಮುದುಕಿಗೆ ಹೊಸ ಮಾತುಗಳಲ್ಲ.

ಇಷ್ಟಾದರೂ ಹಳೆಯ ಒಲೆ ಆರಿಲ್ಲ. ಉಜ್ವಲಾ ಫಲಾನುಭವಿಗಳು ವರ್ಷಕ್ಕೆ ಸರಾಸರಿ ಮೂರಕ್ಕಿಂತ ತುಸು ಹೆಚ್ಚು ಸಿಲಿಂಡರುಗಳನ್ನು ಮಾತ್ರ ತುಂಬಿಸಿಕೊಂಡರೆಂಬುದನ್ನು ಭಾರತದ ನಿಯಂತ್ರಕ ಮತ್ತು ಮಹಾಲೇಖಪಾಲರ ೨೦೧೯ರ ವರದಿಯು ದಾಖಲಿಸಿದೆ. ಕಟಗಿಗೂ ಕುಳ್ಳಿಗೂ ಹೆಂಗಸಿನ ದುಡಿಮೆಯ ಹೊರತು ಬೇರೆ ಬೆಲೆ ಇಲ್ಲ, ಆ ದುಡಿಮೆಗೆ ಮನೆಯ ಲೆಕ್ಕದಲ್ಲಿ ಕಲಮೂ ಇಲ್ಲ. ಸಿಲಿಂಡರಿಗಾದರೋ ನಗದು ಎಣಿಸಬೇಕು. ಕೂಲಿಯ ದುಡ್ಡು ವಾರಕ್ಕೊಮ್ಮೆ ಬರುವ ಮನೆಯಲ್ಲಿ ತಿಂಗಳಿನ ಉರುವಲನ್ನು ಒಮ್ಮೆಗೇ ಕೊಳ್ಳುವುದು ಕಷ್ಟ. ಚಹಕ್ಕೆ, ಬೆಳಗಿನ ಅವಸರದ ಅಡಿಗೆಗೆ ಅನಿಲ. ಹಬ್ಬಕ್ಕೂ ಮದುವೆಗೂ ನೂರಾರು ಕಟಕ ರೊಟ್ಟಿ ಬಡಿಯುವುದಕ್ಕೆ ಕಟಗಿಯ ಒಲೆ. ಹೀಗೆ ಒಂದೇ ಮನೆಯಲ್ಲಿ ಎರಡು ಬೆಂಕಿಗಳು. ಅಡಿಗೆಗೆ ಅನಿಲವನ್ನೇ ನೆಚ್ಚಿದ ಮನೆಗಳಲ್ಲಿಯೂ ಬಚ್ಚಲ ಒಲೆಯ ಮೇಲೆ ನೀರಿನ ಹಂಡೆಯು ಹತ್ತಿಕಟಗಿಯಿಂದಲೇ ಕಾಯುವುದುಂಟು, ಮತ್ತು ಆ ಒಲೆಯ ಬೂದಿಯು ತಿಪ್ಪೆಗೆ ಹೋಗುವುದು ಇನ್ನೂ ನಿಂತಿಲ್ಲ.