ಕಾಡಿನಂಚಿನ ಬೆಳ್ಳಿತೆರೆ

1919ರ ಬೇಸಿಗೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಹುಟ್ಟಿ ಆಗಿನ್ನೂ ಮೂರೇ ವರ್ಷ. ಅದರ ಮೊದಲ ನಿರ್ದೇಶಕ ಸ್ಟೀಫನ್ ಮೇದರ್ ಕ್ಯಾಲಿಫೋರ್ನಿಯದ ಟಾಹೋ ಸರೋವರದ ಕಡೆ ಬಂದಿದ್ದರು. ಅಲ್ಲಿಯ ಫಾಲನ್ ಲೀಫ್ ಎಂಬಲ್ಲಿ ಒಂದು ಸಂಜೆ ವಸತಿಗೃಹದ ಸಭಾಂಗಣ ಕಿಕ್ಕಿರಿದಿತ್ತು. ನಾಟಕವಿರಲಿಲ್ಲ, ಸಂಗೀತವಿರಲಿಲ್ಲ. ಲಾಯ್ ಮಿಲ್ಲರ್ ಎಂಬ ಪ್ರಾಧ್ಯಾಪಕರು ಹಕ್ಕಿಗಳ ವಿಚಾರ ಹೇಳುತ್ತಿದ್ದರು, ಅವುಗಳ ಕೂಗನ್ನು ಹಾಗೆಯೇ ಕೂಗಿ ತೋರಿಸುತ್ತಿದ್ದರು. ರಜೆ ಕಳೆಯಲು ಬಂದ ಜನ ಜಾಗ ಸಾಲದಿದ್ದರೂ ಕದಲದೆ ಕೇಳುತ್ತಿದ್ದರು.

ಮೇದರ್‌ಗೆ ಬೇಕಾಗಿದ್ದುದು ಇದೇ. ಉದ್ಯಾನಗಳನ್ನು ಕಾಯಲು ಕಾಯ್ದೆ ಬಂದಿತ್ತು. ಅವು ಯಾಕಾಗಿ ಉಳಿಯಬೇಕು ಎಂಬುದು ಜನರಿಗೆ ಮನದಟ್ಟಾಗಬೇಕಿತ್ತು.

ಮರುವರ್ಷವೇ ಮಿಲ್ಲರ್ ಯೊಸೆಮಿಟಿ ಕಣಿವೆಗೆ ಬಂದರು. ಜತೆಗೆ ಕ್ಯಾಲಿಫೋರ್ನಿಯದ ಮೀನು ಮತ್ತು ಬೇಟೆ ಆಯೋಗದ ಹೆರಾಲ್ಡ್ ಬ್ರಯಂಟ್. ಹಗಲು ಜನರನ್ನು ಕಾಡು ಸುತ್ತಿಸುವುದು, ಕತ್ತಲಾದ ಮೇಲೆ ಬೆಂಕಿಯ ಸುತ್ತ ಕೂರಿಸಿ ಕಾಡಿನ ಕಥೆ ಹೇಳುವುದು ಅವರ ಕೆಲಸ. ಎರಡಕ್ಕೂ ಕಾಸು ಕೊಡಬೇಕಿರಲಿಲ್ಲ. ಈ ಪ್ರಯೋಗಕ್ಕೆ ಮೊದಲಿನಿಂದಲೂ ಬೆನ್ನಿಗೆ ನಿಂತವನು ಸ್ಯಾಕ್ರಮೆಂಟೊದ ಸಿರಿವಂತ ಚಾರ್ಲ್ಸ್ ಗೋಥೆ. ಯೂರೋಪಿನಲ್ಲಿ ಮಕ್ಕಳನ್ನು ಹೊಲ, ಕಾಡುಗಳಿಗೆ ಕರೆದೊಯ್ದು ಪಾಠ ಹೇಳುವುದನ್ನು ಕಂಡು ಮಾರುಹೋಗಿದ್ದವನು. ಇದೇ ಗೋಥೆ ಮನುಷ್ಯರಲ್ಲಿ ಮೇಲು ಕೀಳೆಂದು ವಿಂಗಡಿಸುವ ಯೂಜೆನಿಕ್ಸ್ ವಾದದ ಕಟ್ಟಾ ಪ್ರಚಾರಕನೂ ಆಗಿದ್ದ. ಈ ಪರಂಪರೆಯನ್ನು ಮೆಚ್ಚಿ ಬರೆಯುವವರು ಅದನ್ನು ಮುಚ್ಚಿಡಬಾರದು.

ಬೆಂಕಿಯ ಮುಂದಿನ ಮಾತಿಗೆ ಬೇಗನೆ ಚಿತ್ರವೂ ಕೂಡಿಕೊಂಡಿತು. ಮೊದಮೊದಲು ಕೈಯಿಂದ ಬಣ್ಣ ಹಚ್ಚಿದ ಗಾಜಿನ ಸ್ಲೈಡುಗಳು. 1923ರಲ್ಲಿ ಕೊಡಾಕ್ ಕಂಪನಿ 16 ಎಂಎಂ ಫಿಲ್ಮನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಹಗುರ ಪ್ರೊಜೆಕ್ಟರನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯುವಂತಾಯಿತು. 1936ರಲ್ಲಿ ಕೊಡಾಕ್ರೋಮ್ ಸ್ಲೈಡು ಬಂದಾಗ ಹೂವಿನ, ಹಕ್ಕಿಯ ನಿಜವಾದ ಬಣ್ಣ ಪರದೆಗೆ ಇಳಿಯಿತು.

ಈ ಸಂಜೆಗಳಿಗೆ ಗಟ್ಟಿಯಾದ ಆಸನ ಒದಗಿಸಿದ್ದು ಆರ್ಥಿಕ ಕುಸಿತದ ಕಾಲ. 1933ರಿಂದ 1942ರವರೆಗೆ ನಡೆದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಯೋಜನೆಯಲ್ಲಿ ಕೆಲಸವಿಲ್ಲದ ಯುವಕರು ದೇಶದುದ್ದಕ್ಕೂ ಉದ್ಯಾನಗಳಲ್ಲಿ ದುಡಿದರು. ದಾರಿ, ಸೇತುವೆಗಳ ಜತೆಗೆ ಬಯಲು ರಂಗಮಂದಿರಗಳನ್ನೂ ಕಟ್ಟಿದರು. ಇಳಿಜಾರಿಗೆ ತಕ್ಕಂತೆ ಬಿಲ್ಲಿನಾಕಾರದಲ್ಲಿ ಸೀಳಿದ ದಿಮ್ಮಿಗಳ ಬೆಂಚು, ಕೆಳಗೆ ಬೆಂಕಿಗುಂಡಿ, ಹಿಂದೆ ಪರದೆ. ವಾಸ್ತುಶಿಲ್ಪಿ ಆಲ್ಬರ್ಟ್ ಗುಡ್ 1938ರಲ್ಲಿ ಹೊರತಂದ ಉದ್ಯಾನ ಕಟ್ಟಡಗಳ ಮೂರು ಸಂಪುಟಗಳಲ್ಲಿ ಇಂಥ ಬಯಲು ರಂಗಗಳಿಗೂ ಜಾಗವಿದೆ. ಕಟ್ಟಡ ಎದ್ದು ಕಾಣಬಾರದು, ಅಲ್ಲಿಯ ಕಲ್ಲು ಮರಗಳಲ್ಲೇ ಬೆರೆತುಹೋಗಬೇಕು ಎಂಬುದು ಆ ಕಾಲದ ಉದ್ಯಾನ ವಾಸ್ತುವಿನ ನಂಬಿಕೆ. ಬಹಳ ಒಳ್ಳೆಯ ನಂಬಿಕೆ.

ಆದರೆ ಅದೇ ಉದ್ಯಾನಗಳಲ್ಲಿ ಅದೇ ಕಾಲಕ್ಕೆ ಬೇರೆ ಬಗೆಯ ಸಂಜೆಯಾಟಗಳೂ ನಡೆಯುತ್ತಿದ್ದವು. ಯೊಸೆಮಿಟಿಯ ಗ್ಲೇಸಿಯರ್ ಪಾಯಿಂಟ್ ಕಣಿವೆಯಿಂದ ಸುಮಾರು 3,200 ಅಡಿ ಎತ್ತರದ ಬಂಡೆ. ಅದರ ತುದಿಯಲ್ಲಿ ಮರದ ತೊಗಟೆಯ ರಾಶಿ ಸುಟ್ಟು, ರಾತ್ರಿ ಒಂಬತ್ತಕ್ಕೆ ನಿಗಿನಿಗಿ ಕೆಂಡವನ್ನು ಕೆಳಕ್ಕೆ ತಳ್ಳುತ್ತಿದ್ದರು. ಕಣಿವೆಯ 'ಕ್ಯಾಂಪ್ ಕರಿ' ಎಂಬ ಶಿಬಿರದಲ್ಲಿ ನಿಂತವರಿಗೆ ಅದು ಬೆಂಕಿಯ ಜಲಪಾತದಂತೆ ಕಾಣುತ್ತಿತ್ತು. 1870ರ ದಶಕದಲ್ಲಿ ಶುರುವಾದ ಈ ಪ್ರದರ್ಶನ ನಡುನಡುವೆ ನಿಂತರೂ ಸುಮಾರು ಶತಮಾನ ಬಾಳಿತು. ನೋಡಲು ನುಗ್ಗುವ ವಾಹನಗಳು ಹುಲ್ಲುಗಾವಲನ್ನು ತುಳಿದು ಹಾಳುಮಾಡುತ್ತಿದ್ದವು. ಕಾಡಿಗೂ ಆ ಆಟಕ್ಕೂ ಏನೇನೂ ಸಂಬಂಧವಿಲ್ಲವೆಂದು 1968ರ ಜನವರಿಯಲ್ಲಿ ಉದ್ಯಾನ ಸೇವೆ ಅದನ್ನು ನಿಲ್ಲಿಸಿತು.

ಯೆಲ್ಲೋಸ್ಟೋನ್‌ನಲ್ಲಿ ನಡೆದದ್ದು ಇನ್ನೂ ಕೆಟ್ಟದು. ಅಲ್ಲಿಯ ಆಟರ್ ಕ್ರೀಕ್‌ನಲ್ಲಿ 1930ರ ದಶಕದಲ್ಲಿ ಹೋಟೆಲುಗಳ ಎಂಜಲನ್ನು ಸುರಿದು ಕರಡಿಗಳನ್ನು ಕರೆಸುತ್ತಿದ್ದರು. ಎದುರಿಗೆ ಮೆಟ್ಟಿಲು ಆಸನಗಳಲ್ಲಿ ನೂರಾರು ಪ್ರೇಕ್ಷಕರು, ನಡುವೆ ನಿಂತು ವಿವರಿಸುವ ರೇಂಜರ್. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಮುಚ್ಚಿತು. ಅಷ್ಟರಲ್ಲಿ ಕರಡಿಗಳಿಗೆ ಮನುಷ್ಯನ ಊಟದ ರುಚಿ ಹತ್ತಿತ್ತು. ಆ ಚಟದ ಬೆಲೆ ತೆತ್ತವು ಕರಡಿಗಳೇ. ಜನರ ಮೇಲೆ ಎರಗಿದವನ್ನು ಕೊಲ್ಲುತ್ತಿದ್ದರು.

ಕೆಂಡದ ಜಲಪಾತ ಹೋಯಿತು, ಎಂಜಲಿನ ಕರಡಿಯಾಟ ಹೋಯಿತು, ಬಿಳಿ ಪರದೆ ಉಳಿಯಿತು. ಉಳಿದುದು ನ್ಯಾಯ. ಪರದೆಯ ಮೇಲಿನ ಕರಡಿಗೆ ಯಾರೂ ಎಂಜಲು ಹಾಕಬೇಕಿಲ್ಲ. ಮುಂದೆ ಪರದೆಯ ಬೆಳಕೂ ಪ್ರಶ್ನೆಯಾಯಿತು. ಕತ್ತಲೆಯೂ ಕಾಡಿನ ಆಸ್ತಿಯೆಂಬ ತಿಳಿವು ಬೆಳೆಯಿತು. ಯೂಟಾ ರಾಜ್ಯದ ನ್ಯಾಚುರಲ್ ಬ್ರಿಜಸ್ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನವೆಂಬ ಮಾನ್ಯತೆ ಪಡೆಯಿತು.

ಕರ್ನಾಟಕಕ್ಕೂ ಈ ಪರಂಪರೆಯ ಒಂದು ಎಳೆ ಬಂದಿದೆ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿಯಂಥ ತಾಣಗಳಲ್ಲಿ ಸಫಾರಿ ಮುಗಿಸಿ ಬಂದವರಿಗೆ ಊಟಕ್ಕೆ ಮುಂಚೆ ವನ್ಯಜೀವಿ ಚಿತ್ರ ತೋರಿಸುವುದು ವಾಡಿಕೆ. ಒಳ್ಳೆಯದೇ. ಆದರೆ ಆ ಪರದೆಯ ಮುಂದೆ ಕೂರುವವರು ದೂರದಿಂದ ಬಂದು ಒಂದೆರಡು ದಿನ ತಂಗುವ ಅತಿಥಿಗಳು. ಕಾಡಿನೊಂದಿಗೆ ಸದಾ ಬಾಳುವ ಜೇನುಕುರುಬರ ಹಾಡಿ, ಆನೆಗಾಗಿ ರಾತ್ರಿಯಿಡೀ ಹೊಲ ಕಾಯುವ ರೈತನ ಊರು ಬೇಲಿಯ ಆಚೆಗೇ ಉಳಿಯುತ್ತವೆ.

ನೆಲದ ಮೇಲೆ ಕೂತು ಒಟ್ಟಿಗೆ ನೋಡುವುದು ಈ ನಾಡಿಗೆ ಹೊಸದಲ್ಲ. ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಹಳ್ಳಿಹಳ್ಳಿಗೆ ಟೆಂಟು ಬರುತ್ತಿತ್ತು. ಕಾಡು ಕಾಯುವ ಅಧಿಕಾರಿಯನ್ನೇ ನಾಯಕನಾಗಿಸಿದ, ರಾಜ್‌ಕುಮಾರ್ ಅಭಿನಯದ 'ಗಂಧದ ಗುಡಿ' ತೆರೆಕಂಡದ್ದು 1973ರಲ್ಲಿ. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದೂ ಅದೇ ವರ್ಷ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ರಾಯಚೂರು, ಕಲಬುರಗಿ, ವಿಜಯಪುರದ ಕಡೆಯ ಊರುಗಳೂ ಅದರಲ್ಲಿದ್ದವು. ಇಡೀ ಊರು ಒಂದೇ ಪೆಟ್ಟಿಗೆಯ ಮುಂದೆ ಸೇರುತ್ತಿತ್ತು.

ಇಂದು ತೋರಿಸಲು ಚಿತ್ರಗಳಿಗೂ ಕೊರತೆಯಿಲ್ಲ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ 'ವೈಲ್ಡ್ ಕರ್ನಾಟಕ' 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂತು. ಕನ್ನಡದ ನಿರೂಪಣೆ ರಿಷಬ್ ಶೆಟ್ಟಿ ಅವರದು. ಇಂಥವನ್ನು ಕಾಡಂಚಿನ ಊರುಗಳಿಗೆ ಒಯ್ಯಬೇಕು. ಕಾಡಿನೊಳಗೆ ಬೇಡ, ಬಂಡೀಪುರದ ರಸ್ತೆಯನ್ನೇ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಪ್ರಾಣಿಗಳಿಗೆ ಬಿಟ್ಟುಕೊಟ್ಟಿರುವಾಗ ಅಲ್ಲಿ ಪರದೆಗೆ ಜಾಗವಿಲ್ಲ. ಊರ ಶಾಲೆಯ ಬಯಲಲ್ಲಿ, ಕತ್ತಲಾಗುತ್ತಲೇ ಶುರುಮಾಡಿ, ರೈತ ಹೊಲದ ಅಟ್ಟಣೆ ಹತ್ತುವ ಹೊತ್ತಿಗೆ ಮುಗಿಸಬೇಕು. ಚಿತ್ರ ಮುಗಿದ ಮೇಲೆ ಹಾಡಿಯ ಹಿರಿಯರೊಬ್ಬರು ಮಾತನಾಡಲಿ, ಅರಣ್ಯಾಧಿಕಾರಿ ಕೂತು ಕೇಳಲಿ. ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ, ಚಿತ್ರ ಮಾಡಿದವರು ಮನಸ್ಸು ಮಾಡಿದರೆ ಈ ಬೇಸಿಗೆಯಲ್ಲೇ ಇದನ್ನು ಶುರುಮಾಡಬಹುದು.