ಬೀಗ ಹಾಕಿದ ಬಾಗಿಲು: ಕೆಲಸದ ಜಾಗದ ಬೆಂಕಿಯ ಇತಿಹಾಸ

ಎವರ್‌ಗ್ರೀನ್‌ನಲ್ಲಿ ಮನೆ ಮಾಡಿ, ಸ್ಯಾನ್ ಹೋಸೆ, ಸಾಂತಾ ಕ್ಲಾರಾದ ಕಚೇರಿಗಳಿಗೆ ಹೋಗಿಬರುವ ನಮ್ಮಲ್ಲಿ ಅನೇಕರಿಗೆ ಫೈರ್ ಡ್ರಿಲ್ ಎಂದರೆ ಕೆಲಸ ಕೆಡಿಸುವ ಒಂದು ಶಾಸ್ತ್ರ. ಆದರೆ ಆ ಶಾಸ್ತ್ರದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನು ಓದುತ್ತ ಹೋದರೆ, ಬೆಂಕಿಯಷ್ಟೇ ತೆರೆಯದ ಬಾಗಿಲೂ ಜನರನ್ನು ಕೊಂದಿದೆ ಎಂಬುದು ತಿಳಿಯುತ್ತದೆ.

1911ರ ಮಾರ್ಚ್ 25, ಶನಿವಾರ ಸಂಜೆ. ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಯ 8ನೇ ಮಹಡಿಯಲ್ಲಿ ಬೆಂಕಿ ಹೊತ್ತಿಕೊಂಡಿತು. 9ನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸಗಾರರು ಬಟ್ಟೆ ಕದ್ದೊಯ್ಯಬಾರದೆಂದು, ಮನೆಗೆ ಹೋಗುವಾಗ ಅವರ ಚೀಲ ತಪಾಸಣೆ ಮಾಡಲು ಒಂದೇ ದಾರಿ ಬಿಟ್ಟಿದ್ದರು. ಅಗ್ನಿಶಾಮಕ ದಳದ ಏಣಿ 6ನೇ ಮಹಡಿಯ ಆಚೆಗೆ ಎಟುಕಲಿಲ್ಲ. 146 ಮಂದಿ ಸತ್ತರು. ಹೆಚ್ಚಿನವರು ಇಟಲಿಯಿಂದ, ಪೂರ್ವ ಯುರೋಪಿನಿಂದ ವಲಸೆ ಬಂದ ಹೆಣ್ಣುಮಕ್ಕಳು, ನಮ್ಮಂತೆಯೇ ಬದುಕು ಅರಸಿ ಬಂದವರು. ಬಾಗಿಲಿಗೆ ಬೀಗ ಬಿದ್ದಿದ್ದು ಮಾಲೀಕರಿಗೆ ಗೊತ್ತಿತ್ತೆಂದು ಸಾಬೀತಾಗದೆ ಅವರು ಖುಲಾಸೆಯಾದರು. ಆ ದುರಂತವನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ನ್ಯೂಯಾರ್ಕಿನ ಕಾರ್ಖಾನೆ ಕಾನೂನುಗಳ ಸುಧಾರಣೆಗೆ ದುಡಿದರು. 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯಾದರು.

ಕೆಲಸದ ಜಾಗದ ಸುರಕ್ಷತೆಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 1970ರಲ್ಲಿ. ಒಳಗಿರುವವರು ಕೀಲಿಯಾಗಲಿ, ಸಲಕರಣೆಯಾಗಲಿ, ವಿಶೇಷ ತಿಳಿವಳಿಕೆಯಾಗಲಿ ಇಲ್ಲದೆ ನಿರ್ಗಮನದ ಬಾಗಿಲು ತೆರೆಯುವಂತಿರಬೇಕು ಎಂಬುದು ಅದರಡಿಯ ನಿಯಮ. ಆದರೂ 1991ರ ಸೆಪ್ಟೆಂಬರ್ 3ರಂದು ಉತ್ತರ ಕೆರೊಲೈನಾದ ಹ್ಯಾಮ್ಲೆಟ್ ಊರಿನ ಕೋಳಿಮಾಂಸ ಸಂಸ್ಕರಣಾ ಘಟಕದಲ್ಲಿ 25 ಮಂದಿ ಸತ್ತರು. ಅಲ್ಲಿಯೂ ಬಾಗಿಲುಗಳಿಗೆ ಬೀಗವಿತ್ತು. ಅಲ್ಲಿಯೂ ಕಾರಣ ಕಳ್ಳತನದ ಭಯ. ಆ ಘಟಕ 11 ವರ್ಷ ನಡೆದರೂ ಒಬ್ಬ ಸುರಕ್ಷತಾ ತನಿಖಾಧಿಕಾರಿಯೂ ಕಾಲಿಟ್ಟಿರಲಿಲ್ಲ. ಈ ಸಲ ಮಾಲೀಕ ಜೈಲಿಗೆ ಹೋದ. ಆದರೆ ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುವುದಿಲ್ಲವೆಂದು ಹ್ಯಾಮ್ಲೆಟ್ ತೋರಿಸಿತು.

ನಮ್ಮೂರಿನ ಕಡೆಗೆ ಬಂದರೆ, 2010ರ ಫೆಬ್ರವರಿ 23 ಬೆಂಗಳೂರಿಗರು ಮರೆಯಲಾಗದ ದಿನ. ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಡಕ್ಟ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ತುರ್ತು ದಾರಿಗಳಿಗೆ ಬೀಗ ಹಾಕಿತ್ತೆಂದು ಪತ್ರಿಕೆಗಳು ಬರೆದವು. ಕೆಲವರು ಹೊಗೆಗೆ ಉಸಿರುಗಟ್ಟಿ, ಕೆಲವರು ಕಿಟಕಿಯಿಂದ ಹಾರಿ, ಒಟ್ಟು 9 ಮಂದಿ ಸತ್ತರು. ಜ್ವಾಲೆ ಕಟ್ಟಡವನ್ನೆಲ್ಲ ಸುಡದಿದ್ದರೂ ಹೊಗೆಯೊಂದೇ ಜೀವ ತೆಗೆಯಬಲ್ಲದು. ಮೆಟ್ಟಿಲ ಕಡೆಯ ಬಾಗಿಲುಗಳು ಮುಚ್ಚಿರಬೇಕು, ಆದರೆ ಬೀಗ ಹಾಕಿರಬಾರದು ಎನ್ನುವುದು ಇದಕ್ಕೇ. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರು ಮನೆಯಲ್ಲಿ ಕುಳಿತು ಅಳುವುದಕ್ಕಷ್ಟೇ ನಿಲ್ಲಲಿಲ್ಲ. ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆ ಕಟ್ಟಿದರು, ಹೈಕೋರ್ಟಿನ ಬಾಗಿಲು ತಟ್ಟಿದರು. ಬಹುಮಹಡಿ ಕಟ್ಟಡಗಳ ಅಗ್ನಿ ಸುರಕ್ಷತೆಯ ಬಗ್ಗೆ ಕರ್ನಾಟಕ ಸರ್ಕಾರ 2011ರ ಜುಲೈನಲ್ಲಿ ಅಧಿಸೂಚನೆ ಹೊರಡಿಸಿತು.

ಈಗ ನಾವಿರುವ ಕ್ಯಾಲಿಫೋರ್ನಿಯಾದ ನಿಯಮಗಳನ್ನು ನೋಡೋಣ. ಇಲ್ಲಿ ಬೆಂಕಿ ತಡೆಯುವ ಯೋಜನೆಯಲ್ಲಿ ಅಪಾಯದ ವಸ್ತುಗಳು ಯಾವುವು, ಕಿಡಿ ಎಲ್ಲಿಂದ ಹುಟ್ಟಬಹುದು, ಉಪಕರಣಗಳ ನಿರ್ವಹಣೆ ಯಾರ ಹೊಣೆ ಎಂಬುದು ಬರಹದಲ್ಲಿರಬೇಕು. ಹತ್ತು ಜನಕ್ಕಿಂತ ಹೆಚ್ಚಿಲ್ಲದಿದ್ದರೆ ಬಾಯಿಮಾತಿನಲ್ಲಿ ತಿಳಿಸಿದರೂ ಸಾಕು. ನಮ್ಮವರ ಎಷ್ಟೋ ದಿನಸಿ ಅಂಗಡಿಗಳು, ಹೋಟೆಲುಗಳು ಈ ಸಣ್ಣ ಸಂಖ್ಯೆಯವೇ. ಬಾಯಿಮಾತು ಸಾಕೆಂದರೆ ಮಾತೇ ಆಡದೆ ಬಿಡುವುದು ಸುಲಭ. ಹಿಂದಿನ ಬಾಗಿಲಿಗೆ ಅಕ್ಕಿ ಮೂಟೆ ಒರಗಿಸುವುದು ಇನ್ನೂ ಸುಲಭ. ಬೀಗ ಹಾಕಬೇಕೆಂದೇನೂ ಇಲ್ಲ, ಮೂಟೆಯೂ ಅದೇ ಕೆಲಸ ಮಾಡುತ್ತದೆ.

ಸಂಘದ ಯುಗಾದಿ, ರಾಜ್ಯೋತ್ಸವಗಳಿಗೆ ಬಾಡಿಗೆಗೆ ಪಡೆದ ಸಭಾಂಗಣವೂ ಅಂದಿನ ಮಟ್ಟಿಗೆ ಸ್ವಯಂಸೇವಕರ ಕೆಲಸದ ಜಾಗವೇ. ಹಾಗಾಗಿ ಒಂದು ಸಲಹೆ: ಕಾರ್ಯಕ್ರಮ ಪಟ್ಟಿಯಲ್ಲಿ ಪ್ರಾರ್ಥನೆ ಯಾರದು, ವಂದನಾರ್ಪಣೆ ಯಾರದು ಎಂದು ಬರೆಯುವಾಗ, ಬಾಗಿಲುಗಳನ್ನು ತಳ್ಳಿ ನೋಡುವ ಹೊಣೆ ಯಾರದು ಎಂದೂ ಒಂದು ಹೆಸರು ಬರೆಯೋಣ. ನ್ಯೂಯಾರ್ಕಿನಲ್ಲಿ, ಹ್ಯಾಮ್ಲೆಟ್‌ನಲ್ಲಿ, ಬೆಂಗಳೂರಿನಲ್ಲಿ ಯಾರೂ ಮಾಡದೇ ಉಳಿದ ಕೆಲಸ ಅದು. ಅದಕ್ಕೆ ಐದು ನಿಮಿಷ ಸಾಕು.